ಕಾಶವ್ವನ ಸೆಷನ್

ಕಂಪ್ಯೂಟರ್ ಕೆಟ್ಟಿದೆ ಅಂತ ಯಾರಾದರೂ ಫೋನು ಮಾಡಿದರೆ ನನಗೆ ಮೊದಲು ಬರುವುದು ಸಿಟ್ಟು. ಕೆಟ್ಟಿದೆ ಅಂದರೆ ಏನು? ಹಾಲು ಕೆಡುತ್ತದೆ, ಹೊಟ್ಟೆ ಕೆಡುತ್ತದೆ. ಕಂಪ್ಯೂಟರು ಸುಮ್ಮಸುಮ್ಮನೆ ಕೆಡುವುದಿಲ್ಲ. ಬೀಳುವುದಕ್ಕೆ ಮುಂಚೆ ಏನೇನಾಯಿತು ಎಂಬುದನ್ನೆಲ್ಲ ಗಂಟೆ, ನಿಮಿಷ, ಸೆಕೆಂಡಿನ ಸಮೇತ ಬರೆದಿಟ್ಟೇ ಬೀಳುತ್ತದೆ. ಆ ಬರಹಕ್ಕೆ ಲಾಗ್ ಅನ್ನುತ್ತಾರೆ. ಓದುವ ತಾಳ್ಮೆ ಇರಬೇಕು, ಅಷ್ಟೇ. ಇಪ್ಪತ್ತಾರು ವರ್ಷದಿಂದ ನಾನು ಮಾಡುತ್ತಿರುವುದು ಅದನ್ನೇ.

ಹುಬ್ಬಳ್ಳಿಯ ಹೊರಗೆ, ಗದಗ ರಸ್ತೆಯಲ್ಲಿರುವ ನರರೋಗಿಗಳ ಪುನರ್ವಸತಿ ಕೇಂದ್ರದಿಂದ ಆ ಸೋಮವಾರ ಬೆಳಿಗ್ಗೆ ಫೋನು ಬಂದಾಗಲೂ ಸಿಟ್ಟೇ ಬಂದಿತ್ತು. ಮಾತಾಡಿದವರು ಅಲ್ಲಿಯ ಮುಖ್ಯಸ್ಥ ಡಾಕ್ಟರ್ ನಾಡಿಗೇರ.

"ಇಂದುಮತಿಯವರ, ಹನ್ನೆರಡನೇ ಕೋಣಿ ಮಷೀನು ದಿನಾ ಬೀಳ್ಲಿಕ್ಕತ್ತೇದ. ತಪ್ಪು ಮಷೀನಿಂದಲ್ಲ, ಪೇಶೆಂಟಿಂದು ಅಂತ ನಮಗ ಗೊತ್ತದ. ಆದರೂ ಶನಿವಾರ ಕಮಿಟಿ ಕೂಡತದ. ಮಷೀನು ಸುದ್ದ ಅದ ಅಂತ ನಿಮ್ಮದೊಂದು ವರದಿ ಬೇಕಾಗೇದ."

"ಓದೂಕಿಂತ ಮೊದಲ ವರದಿ ಬರೆಯೋ ಅಭ್ಯಾಸ ನನಗಿಲ್ಲರಿ," ಅಂದೆ. ಆದರೂ ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ.

ಅಲ್ಲಿಯ ಯಂತ್ರಕ್ಕೆ ಒಳದನಿ ಅಂತ ಹೆಸರು. ಮೆದುಳಿನ ಬುಡದಲ್ಲಿ ರಕ್ತ ಹೆಪ್ಪುಗಟ್ಟಿ, ಕಣ್ಣಿನ ಹೊರತು ಮೈಯಲ್ಲಿ ಏನೂ ಆಡದಂತಾದವರಿಗಾಗಿ ಮಾಡಿದ್ದು. ನಾಲಿಗೆ, ತುಟಿಗಳಿಗೆ ಅಪ್ಪಣೆ ಕೊಡುವ ಮೆದುಳಿನ ಭಾಗದ ಮೇಲೆ ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳುವಾದ ಒಂದು ಜಾಳಿಗೆ ಹಾಸಿರುತ್ತಾರೆ. ನಾಲಿಗೆ ಆಡದಿದ್ದರೂ ಅದಕ್ಕೆ ಹೋಗುವ ಅಪ್ಪಣೆ ನಿಂತಿರುವುದಿಲ್ಲ. ಜಾಳಿಗೆ ಆ ಅಪ್ಪಣೆಯನ್ನು ಹಿಡಿದು ಹಾಸಿಗೆ ಪಕ್ಕದ ಕಂಪ್ಯೂಟರಿಗೆ ಕಳಿಸುತ್ತದೆ. ಅಲ್ಲೊಂದು ಪ್ರೋಗ್ರಾಂ ಅದನ್ನು ಮಾತಾಗಿ ಕಟ್ಟಿ, ಸ್ಪೀಕರಿನಲ್ಲಿ ರೋಗಿಯದೇ ಹಳೆಯ ದನಿಯಿಂದ ಆಡುತ್ತದೆ. ಕಂಪ್ಯೂಟರು ಅಂದರೆ ಭಾರೀ ಏನಲ್ಲ, ಲಿನಕ್ಸ್ ಹಾಕಿದ ಮಾಮೂಲಿ ಡೆಸ್ಕ್‌ಟಾಪು. ಬೆಳಿಗ್ಗೆ ಲಾಗಿನ್ ಆದಾಗಿನಿಂದ ಸಂಜೆ ಲಾಗ್‌ಔಟ್ ಆಗುವವರೆಗೆ ಒಂದು ಸೆಷನ್. ದಿನವಿಡೀ ಪ್ರೋಗ್ರಾಂ ಆ ರೋಗಿಯ ಮಾತಿನ ರೀತಿ ಕಲಿಯುತ್ತಾ ಹೋಗುತ್ತದೆ, ಸೆಷನ್ ಸರಿಯಾಗಿ ಮುಗಿದರೆ ಕಲಿತದ್ದನ್ನು ಡಿಸ್ಕಿಗೆ ಬರೆದಿಡುತ್ತದೆ. ನಡುವೆ ಬಿದ್ದರೆ ಅವತ್ತು ಕಲಿತದ್ದಷ್ಟೂ ಹೋಯಿತು.

ಹನ್ನೆರಡನೇ ಕೋಣೆಯ ಸೆಷನ್ ಹತ್ತೊಂಬತ್ತು ದಿನಗಳಲ್ಲಿ ಹದಿನೆಂಟು ದಿನ ಬಿದ್ದಿತ್ತು.

ಅಲ್ಲಿ ಮಲಗಿದ್ದವಳು ಕಾಶವ್ವ ಮುಳಗುಂದ. ಅರವತ್ತಾರು ವರ್ಷ. ಗದಗಿನ ಬೆಟಗೇರಿಯಲ್ಲಿ ಖಾನಾವಳಿ ನಡೆಸುತ್ತಿದ್ದವಳು. ಗಂಟಲಿಗೆ ಉಸಿರಾಟದ ಪೈಪು, ಹಣೆಗೆ ವಿಭೂತಿ. ನಾನು ಒಳಗೆ ಹೋದಾಗ ಆಕೆಯ ಗಂಡ ಈರಸಂಗಪ್ಪ ಹಾಸಿಗೆಯ ಪಕ್ಕದಲ್ಲಿ ಕೂತು ಆಕೆಯ ತಲೆ ಬಾಚುತ್ತಿದ್ದರು. ಎಪ್ಪತ್ತು ದಾಟಿದ ಮನುಷ್ಯ, ಕಿವಿಯಲ್ಲಿ ಶ್ರವಣಯಂತ್ರ, ಹೆಗಲ ಮೇಲೆ ಮಡಿಸಿದ ಟವೆಲು. ಸಿಕ್ಕು ಬಿಡಿಸುವಾಗ ಕೂದಲ ಬುಡ ಹಿಡಿದುಕೊಂಡು, ನೋವಾಗದಂತೆ ಬಾಚುತ್ತಿದ್ದರು. ನಮ್ಮ ಮನೆಯವರು ಇಪ್ಪತ್ತೇಳು ವರ್ಷದಲ್ಲಿ ನನ್ನ ತಲೆಗೆ ಒಂದು ಹನಿ ಎಣ್ಣೆ ಹಾಕಿದವರಲ್ಲ. ನೋಡಿ ಹೊಟ್ಟೆಕಿಚ್ಚಾಯಿತು.

"ದಿನಾ ಬರ್ತಾರ್ರಿ," ಅಂದಳು ಸಿಸ್ಟರ್ ರೂತಮ್ಮ. "ಗಂಟಲ ಪೈಪು ಸ್ವಚ್ಛ ಮಾಡೂದು ಸೈತ ಕಲ್ತುಕೊಂಡಾರ. ಇಂಥಾ ಗಂಡ ಸಿಗಬೇಕಂದ್ರ ಪುಣ್ಯಾ ಮಾಡಿರ್ಬೇಕು."

ಕಾಶವ್ವ ಛಾವಣಿ ನೋಡುತ್ತಿದ್ದಳು.

ಶನಿವಾರದ ಕಮಿಟಿ ಏನು ಅಂತ ರೂತಮ್ಮನೇ ಹೇಳಿದಳು. ಕಾಶವ್ವನಿಗೆ ಬುದ್ಧಿ ನೆಟ್ಟಗಿದೆಯೋ ಇಲ್ಲವೋ ಅಂತ ಅವತ್ತು ತೀರ್ಮಾನ. ಇಲ್ಲ ಅಂತಾದರೆ ಜಾಳಿಗೆ ತೆಗೆದು ಸರದಿಯಲ್ಲಿರುವ ಬೇರೆಯವರಿಗೆ ಕೊಡುತ್ತಾರೆ. ಆಮೇಲೆ ಆಕೆಯ ಪರವಾಗಿ ಎಲ್ಲದಕ್ಕೂ ಸಹಿ ಹಾಕುವವರು ಗಂಡ. ಅವರು ಆಕೆಯನ್ನು ಇಳಕಲ್ಲಿಗೆ, ತಮ್ಮ ಮನೆಗೆ, ಕರೆದುಕೊಂಡು ಹೋಗುವುದು ಅಂತಲೂ ಆಗಿತ್ತು. ಕಾಶವ್ವನನ್ನು ಯಾರಾದರೂ ಕೇಳಿದ್ದಾರಾ ಅಂದೆ. "ಕೇಳೂನು ಅಂದ್ರ ಮಷೀನು ಬೀಳ್ತದಲ್ಲರಿ," ಅಂದಳು ರೂತಮ್ಮ.

ಕೆಳಗಿನ ಮಹಡಿಯ ಕಂಟ್ರೋಲ್ ರೂಮಿನಲ್ಲಿ ಕೂತು, ಲಾಗೆಲ್ಲ ಒಟ್ಟಿಗೆ ಇರುವ ಜರ್ನಲ್ ತೆರೆದೆ. ನನಗಿಂತ ಮುಂಚೆ ನೋಡಿಹೋದವರು ಗ್ರಾಫಿಕ್ಸ್ ಡ್ರೈವರ್ ತಪ್ಪು ಅಂತ ಬರೆದು ಕೈತೊಳೆದುಕೊಂಡಿದ್ದರು. ಅವರಿಗೆ ಕಂಡದ್ದು ಕೊನೆಯ ಸಾಲು: ಪರದೆ ನಡೆಸುವ ಪ್ರೋಗ್ರಾಂ, 'ಸಂಪರ್ಕ ಕಡಿದುಹೋಯಿತು' ಅಂತ ಬಾಯಿ ಬಡಿದುಕೊಂಡು ಸತ್ತದ್ದು. ಕೊನೆಯ ಸಾಲು ನಂಬಬಾರದು. ಸತ್ತವರೇ ಬೇರೆ, ಜೋರಾಗಿ ಅಳುವವರೇ ಬೇರೆ. ಮೇಲಕ್ಕೆ ಓದುತ್ತಾ ಹೋದೆ. ಎರಡು ಸೆಕೆಂಡು ಹಿಂದೆ, ಇಡೀ ಯಂತ್ರದ ಯಜಮಾನಿಕೆ ಮಾಡುವ ಕರ್ನಲ್ಲಿನ ಒಂದು ಸಾಲಿತ್ತು: ಔಟ್ ಆಫ್ ಮೆಮೊರಿ.

ಮೆಮೊರಿ ಪೂರ್ತಿ ತುಂಬಿಹೋದರೆ ಯಂತ್ರವೇ ಕಲ್ಲಾಗಿ ನಿಲ್ಲುತ್ತದೆ. ಹಾಗಾಗದಿರಲಿ ಅಂತ ಕರ್ನಲ್ ಒಬ್ಬರನ್ನು ಕೊಲ್ಲುತ್ತದೆ. ಯಾರು ಹೆಚ್ಚು ಜಾಗ ತಿಂದಿದ್ದಾರೋ ಅವರನ್ನು. ಇಲ್ಲಿ ಹದಿನೆಂಟು ದಿನವೂ ಅದು ಕೊಂದದ್ದು ಕಾಶವ್ವನ ಮಾತು ಕಟ್ಟುವ ಪ್ರೋಗ್ರಾಮನ್ನೇ. ಅದರ ಹಿಂದೆ ಪರದೆ, ಅದರ ಹಿಂದೆ ಸೆಷನ್ ಬಿದ್ದು, ಲಾಗಿನ್ ಪೆಟ್ಟಿಗೆ ಬಂದು ನಿಲ್ಲುತ್ತಿತ್ತು. ಪ್ರತಿಸಲವೂ ಬೆಳಿಗ್ಗೆ ಹನ್ನೊಂದು ದಾಟಿ ಐದರಿಂದ ಏಳು ನಿಮಿಷದೊಳಗೆ.

"ಹನ್ನೊಂದಕ್ಕ ಏನ್ ಮಾಡ್ತೀರಿ ಆಕೀಗೆ?" ಅಂತ ರೂತಮ್ಮನನ್ನು ಕೇಳಿದೆ.

ದಿನಾ ಹನ್ನೊಂದಕ್ಕೆ ಐದು ಪ್ರಶ್ನೆ. ನಿಮ್ಮ ಹೆಸರೇನು, ಊರು ಯಾವುದು, ಇವತ್ತು ಯಾವ ವಾರ, ನಾನು ಯಾರು, ನಿಮ್ಮ ಯಜಮಾನರ ಹೆಸರೇನು. ನಾಲ್ಕಕ್ಕೂ ಕಾಶವ್ವ ಒಂದೊಂದು ಪದದಲ್ಲಿ ಉತ್ತರ ಕೊಡುತ್ತಾಳೆ. ಐದನೆಯದಕ್ಕೆ ಇಲ್ಲ. ಐದು ನಿಮಿಷ ಕಾಯುತ್ತಾರೆ, ಸೆಷನ್ ಬೀಳುತ್ತದೆ. ಹತ್ತಿರದವರ ಹೆಸರು ಮರೆತಿದೆ, ನೆನಪು ಮಾಡಿಕೊಳ್ಳಲು ಹೋದಾಗ ಮೆದುಳಿನ ಸಂಕೇತ ಚದುರಿ ಯಂತ್ರ ಬೀಳುತ್ತದೆ ಎಂಬುದು ಡಾಕ್ಟರರ ತರ್ಕ.

ನನಗೆ ನಗು ಬಂತು. ಮೆಮೊರಿ ಖಾಲಿಯಾಗಿ ಬೀಳುವುದಿಲ್ಲ ಸ್ವಾಮಿ, ತುಂಬಿ ಬೀಳುತ್ತದೆ!

ಈ ಪ್ರೋಗ್ರಾಮಿನಲ್ಲಿ ಒಂದು ಹೊಸ್ತಿಲು ಇದೆ. ತಲೆಯಲ್ಲಿ ಹೊರಟ ಮಾತೆಲ್ಲ ಸ್ಪೀಕರಿಗೆ ಬಂದುಬಿಟ್ಟರೆ ಮನುಷ್ಯ ಬದುಕುವುದುಂಟೇ? ಅದಕ್ಕೇ ಮಾತು ಹೊಸ್ತಿಲ ತನಕ ಬಂದು ನಿಲ್ಲುತ್ತದೆ. ರೋಗಿ ಬಿಟ್ಟರೆ ಹೊರಗೆ ಬರುತ್ತದೆ, ಬೇಡ ಅಂತ ಕೈಬಿಟ್ಟರೆ ಅಳಿಸಿಹೋಗುತ್ತದೆ. ಹೊರಗೂ ಬಿಡದೆ, ಕೈಯೂ ಬಿಡದೆ ಹಿಡಿದುಕೊಂಡರೆ ಮಾತ್ರ ಕಷ್ಟ. ಆಗ ಪ್ರೋಗ್ರಾಂ ಇದೋ ಅದೋ ಅಂತ ಕ್ಷಣಕ್ಷಣಕ್ಕೂ ಹೊಸ ಊಹೆ ಸೇರಿಸುತ್ತಾ ಮೆಮೊರಿ ತುಂಬಿಸುತ್ತದೆ. ಅರ್ಧ ನಿಮಿಷಕ್ಕಿಂತ ಹೆಚ್ಚು ಹೊತ್ತು ಒಂದು ಮಾತನ್ನು ಹಿಡಿದಿಟ್ಟುಕೊಳ್ಳುವವರು ಇರುತ್ತಾರೆ ಅಂತ ಅದನ್ನು ಮಾಡಿದವರಿಗೆ ಹೊಳೆದೇ ಇರಲಿಲ್ಲ. ಅಂದರೆ ಕಾಶವ್ವ ಹೆಸರು ಮರೆತಿಲ್ಲ. ಹಿಡಿದುಕೊಂಡಿದ್ದಾಳೆ. ಯಾಕೆ?

ಮಧ್ಯಾಹ್ನ ಮನೆಗೆ ಊಟಕ್ಕೆ ಹೋದಾಗ ಇದನ್ನೇ ನಮ್ಮ ಅತ್ತೆಗೆ ಹೇಳಿದೆ. ಅತ್ತೆ ತಾಟಿಗೆ ಝುಣಕ ಹಾಕುತ್ತಿದ್ದವರು ಚಮಚ ಕೆಳಗಿಟ್ಟು ನನ್ನನ್ನೇ ನೋಡಿದರು.

"ಅಲ್ಲವಾ, ನಿನಗ ಅಷ್ಟೂ ತಿಳೀಲಿಲ್ಲೇನು? ಗಂಡನ್ನ ಎದುರಿಗೆ ಕುಂದರಿಸಿ ಗಂಡನ ಹೆಸರು ಹೇಳು ಅಂದ್ರ ಯಾವ ಹೆಣ್ಮಗಳು ಹೇಳ್ತಾಳ? ನಾ ನಿಮ್ಮ ಮಾವನ ಹೆಸರು ಹೇಳಿದ್ದು ಕೇಳೀಯೇನು ಯಾವತ್ತರ?"

ನಾನು ಹಣೆ ಚಚ್ಚಿಕೊಂಡೆ. ಹೌದಲ್ಲ! ಪ್ರಶ್ನೆ ಮಾಡಿದವರು ಯಾವ ಊರಿನವರೋ, ಅನುವಾದ ಮಾಡಿದವರು ಯಾರೋ. ನಮ್ಮ ಕಡೆ ಮುದುಕಿಯರು ರೇಷನ್ ಅಂಗಡಿಯಲ್ಲೂ ಪಕ್ಕದವರಿಂದ ಹೆಸರು ಹೇಳಿಸುತ್ತಾರೆ.

"ಒಡಪು ಹಾಕಿಸು," ಅಂದರು ಅತ್ತೆ. "ಒಡಪಿನ್ಯಾಗ ಹೇಳಿದ್ರ ದೋಷಿಲ್ಲ."

ಮದುವೆಗಳಲ್ಲಿ ಹೆಣ್ಣುಮಕ್ಕಳನ್ನು ತಡೆದು ನಿಲ್ಲಿಸಿ, ಪ್ರಾಸ ಕಟ್ಟಿ ಗಂಡನ ಹೆಸರು ಹೇಳಿಸುತ್ತಾರಲ್ಲ, ಅದು ಒಡಪು. ಯಾರಿಗೂ ಹೊಳೆಯದ್ದು ನನಗೆ ಹೊಳೆಯಿತು ಅಂತ ಬೀಗಿದೆ. ಹೊಳೆದದ್ದು ಅತ್ತೆಗೆ, ಬೀಗಿದ್ದು ನಾನು. ಫೋನಿನಲ್ಲಿ ಕೇಳಿ ನಾಡಿಗೇರರು ಜೋರಾಗಿ ನಕ್ಕು, "ಭಾಳ ಛಲೋ. ನಾಳೆ ಮಾಡಿಸೂನು," ಅಂದರು.

ಮಂಗಳವಾರ ಹನ್ನೊಂದಕ್ಕೆ ಹನ್ನೆರಡನೇ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನರ್ಸುಗಳು, ಅಡಿಗೆಮನೆಯ ಹೆಣ್ಣುಮಕ್ಕಳು ಎಲ್ಲ ಬಂದಿದ್ದರು. ಈರಸಂಗಪ್ಪನವರು ನಾಚಿಕೊಂಡು, ಟವೆಲಿನ ತುದಿ ತಿರುವುತ್ತಾ ನಿಂತಿದ್ದರು. ರೂತಮ್ಮ ಕಾಶವ್ವನ ಕಡೆ ಬಾಗಿ ಮೊದಲ ಸಾಲು ಹಾಡಿದಳು:

"ಜ್ವಾಳದ ರೊಟ್ಟಿ ಮ್ಯಾಲ ಕೆನಿ ಮೊಸರ ಬಡಿಸಿ... ಮುಂದ ನೀವು ಹೇಳ್ರೆವ್ವಾ!"

ಮುಂದಿನ ಸಾಲಿನಲ್ಲಿ ಹೆಸರು ಬರಬೇಕು. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರೋ, "ನಾಚಿಕೀ ನೋಡ್ರಿ!" ಅಂದರು. ನಾನೂ ನಗುತ್ತಿದ್ದೆ. ನಗುತ್ತಾ ಪರದೆ ನೋಡಿದೆ. ಮೆಮೊರಿಯ ಗೆರೆ ಯಾವತ್ತೂ ಏರದ ವೇಗದಲ್ಲಿ ಏರುತ್ತಿತ್ತು. ಕಾಶವ್ವನ ಕಣ್ಣಂಚಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ನಲವತ್ತು ಸೆಕೆಂಡಿಗೆ ಸೆಷನ್ ಬಿತ್ತು.

ಈರಸಂಗಪ್ಪ ಟವೆಲಿನಿಂದ ಆಕೆಯ ಕಣ್ಣು ಒರೆಸಿದರು. "ಸಂತೋಷಕ್ಕ ಅಳ್ತಾಳ," ಅಂದರು ಎಲ್ಲರಿಗೂ.

ಸಂತೋಷದ ಅಳು ನನಗೂ ಗೊತ್ತು. ಅದು ಅಲ್ಲ ಅದು. ಮುಖ ತಗ್ಗಿಸಿಕೊಂಡು ಕೆಳಗೆ ಬಂದು ಕೂತೆ. ಒಂದು ಲೋಟ ನೀರು ಕುಡಿಯಲೂ ಮನಸ್ಸಾಗಲಿಲ್ಲ. ಏನು ಮಾಡಿಬಿಟ್ಟೆ ನಾನು? ಆ ಹೆಂಗಸು ಮುಖ ಆ ಕಡೆ ತಿರುಗಿಸಿಕೊಳ್ಳಲೂ ಆಗದವಳು. ಆಕೆಯ ಸುತ್ತ ಜನ ಸೇರಿಸಿ ಚಪ್ಪಾಳೆ ತಟ್ಟಿಸಿದ್ದೆ.

ನನ್ನ ಊಹೆ ತಪ್ಪಾಗಿತ್ತು. ತಪ್ಪಾದಾಗ ಲಾಗಿಗೇ ವಾಪಸು ಹೋಗಬೇಕು.

ಈ ಸಲ ಬಿದ್ದ ದಿನಗಳನ್ನು ಬಿಟ್ಟು ಬೀಳದ ಒಂದು ದಿನ ಹಿಡಿದೆ. ಎರಡು ವಾರದ ಹಿಂದಿನ ಬುಧವಾರ. ಅವತ್ತೂ ಐದನೇ ಪ್ರಶ್ನೆ ಕೇಳಿದ್ದಾರೆ. ರೂತಮ್ಮನ ರಿಜಿಸ್ಟರಿನಲ್ಲಿ ಉತ್ತರ ಇದೆ: "ಬ್ಯಾಡ." ಮೆಮೊರಿಯ ಗೆರೆ ಏರಿಯೇ ಇಲ್ಲ. ಮಧ್ಯಾಹ್ನ ಆಕೆ, "ಇವತ್ತ ಆರಾಮ ಐತಿ," ಅಂದಿದ್ದಾಳೆ. ಹತ್ತೊಂಬತ್ತು ದಿನದಲ್ಲಿ ಆಕೆ ಆಡಿದ ಅತಿ ಉದ್ದದ ಮಾತು ಅದು.

ಪ್ರಶ್ನೆ ಅದೇ, ಯಂತ್ರ ಅದೇ, ನರ್ಸು ಅದೇ. ವ್ಯತ್ಯಾಸ ಎಲ್ಲಿ? ಉಳಿದ ದಿನಗಳ ಗೆರೆಗಳನ್ನು ದೊಡ್ಡದು ಮಾಡಿ ನೋಡಿದೆ. ಏರಿಕೆ ಹನ್ನೊಂದಕ್ಕೆ ಶುರುವಾಗಿರಲೇ ಇಲ್ಲ. ಹತ್ತೂ ಐವತ್ತರ ಆಸುಪಾಸಿನಲ್ಲೇ ಸಣ್ಣಗೆ ಶುರುವಾಗಿತ್ತು. ಪ್ರಶ್ನೆ ಅದಕ್ಕೆ ವೇಗ ಕೊಟ್ಟಿತ್ತು ಅಷ್ಟೇ. ಹತ್ತೂ ಐವತ್ತಕ್ಕೆ ಜರ್ನಲ್ಲಿನಲ್ಲಿ ಏನೂ ಇರಲಿಲ್ಲ.

ಏನೂ ಇರಲಿಲ್ಲ ಅಂದರೆ, ನಾನು ಇಲ್ಲದಂತೆ ಮಾಡಿದ್ದೆ. ನನ್ನದೊಂದು ಹಳೇ ಚಟ. ಆಸ್ಪತ್ರೆ ಲಾಗಿನಲ್ಲಿ ಬ್ಲೂಟೂತಿನ ಗಲಾಟೆ ದಿನಕ್ಕೆ ಸಾವಿರ ಸಾಲು. ಹೋಗಿಬರುವವರ ಫೋನು, ಕೈಗಡಿಯಾರ ಎಲ್ಲ ಸುದ್ದಿ ಹೇಳುತ್ತವೆ. ಹಾಗಾಗಿ ಜರ್ನಲ್ ತೆರೆಯುವ ಮೊದಲೇ ಬ್ಲೂಟೂತ್ ಸಾಲುಗಳನ್ನು ಸೋಸಿ ಎಸೆಯುವ ಒಂದು ಆಜ್ಞೆ ಬರೆದಿಟ್ಟುಕೊಂಡಿದ್ದೇನೆ. ಎಷ್ಟೋ ವರ್ಷದಿಂದ ಕಣ್ಣು ಮುಚ್ಚಿ ಅದನ್ನೇ ಹಾಕುತ್ತಿದ್ದೆ. ಅದನ್ನು ತೆಗೆದು ಮತ್ತೆ ಓದಿದೆ.

ಹತ್ತೂ ಐವತ್ತೊಂದು. ಗುರುತಿಲ್ಲದ ಶ್ರವಣಯಂತ್ರ ಹತ್ತಿರ ಬಂದಿದೆ, ಜೋಡಣೆ ನಿರಾಕರಿಸಲಾಗಿದೆ. ಮರುದಿನ ಹತ್ತೂ ನಲವತ್ತೊಂಬತ್ತು, ಅದೇ ಯಂತ್ರ. ಅದರ ಮರುದಿನ ಹತ್ತೂ ಐವತ್ತೆರಡು. ಹದಿನೆಂಟು ದಿನ, ಹದಿನೆಂಟು ಸಾಲು. ಬುಧವಾರ ಒಂದೂ ಇಲ್ಲ.

"ಆ ಬುಧವಾರ ಈರಸಂಗಪ್ಪನವರು ಬಂದಿರಲಿಲ್ಲೇನು?"

ರೂತಮ್ಮ ನೆನಪು ಮಾಡಿಕೊಂಡಳು. "ಇಲ್ಲರಿ. ಇಳಕಲ್ಲಿನ್ಯಾಗ ಯಾರದೋ ಮದವಿ ಐತಿ ಅಂತ ಹೋಗಿದ್ರು."

ಅವರು ಬಂದ ದಿನವಷ್ಟೇ ಸೆಷನ್ ಬೀಳುತ್ತಿತ್ತು.

ಸೆಷನ್ ಬಿದ್ದಾಗ ಮೆಮೊರಿಯ ಒಂದು ಪ್ರತಿ ಡಿಸ್ಕಿನಲ್ಲಿ ಉಳಿಯುತ್ತದೆ, ಕೋರ್ ಡಂಪ್ ಅಂತ. ಅದನ್ನು ತೆರೆದರೆ ಆಕೆ ತಡೆದ ಮಾತು ಏನು ಅಂತ ಓದಬಹುದಿತ್ತು. ಹತ್ತು ನಿಮಿಷದ ಕೆಲಸ. ಆದರೆ ಅದು ಆಕೆ ಆಡದ ಮಾತು. ತೆರೆಯಬೇಕಾದರೆ ಒಪ್ಪಿಗೆ ಪತ್ರ ಬೇಕು, ಪತ್ರದ ಕೆಳಗೆ ಸಹಿಗೆ ಜಾಗ ಯಾರದು? ಗಂಡನದು. ನಾನು ಅದನ್ನು ಮುಟ್ಟಲಿಲ್ಲ.

ಬುಧವಾರ ಬಸ್ಸು ಹಿಡಿದು ಬೆಟಗೇರಿಗೆ ಹೋದೆ. ಖಾನಾವಳಿ ನಡೆಯುತ್ತಿತ್ತು. ಹಿಂದಿನ ಕೋಣೆಯಲ್ಲಿ ಹುಸೇನಬಿ ಅನ್ನುವ ಹೆಂಗಸು ರೊಟ್ಟಿ ಬಡಿಯುತ್ತಿದ್ದಳು. ಕಾಶವ್ವನ ಜೊತೆ ಇಪ್ಪತ್ತೈದು ವರ್ಷ ಅದೇ ಒಲೆಯ ಮುಂದೆ ಕೂತವಳು. ನಾನು ಯಾರು ಅಂತ ಹೇಳಿದ ಕೂಡಲೇ ಮಣೆ ಕೊಟ್ಟು, ತಾಟು ಇಟ್ಟು, ಬದನೆಕಾಯಿ ಎಣ್ಣೆಗಾಯಿ ಬಡಿಸಿ, ಆಮೇಲೆ ಮಾತಿಗೆ ಬಂದಳು.

"ಗಂಡ? ಅಂವ ಹೋಗಿ ಇಪ್ಪತ್ನಾಲ್ಕ ವರ್ಷ ಆತರಿ. ಇಳಕಲ್ಲಿನ್ಯಾಗ ಬ್ಯಾರೆ ಸಂಸಾರ ಮಾಡ್ಕೊಂಡಿದ್ದ. ಹೋದ ದಿನಾನ ಕಾಶವ್ವ ಹೇಳಿದ್ಲು, ಹುಸೇನಬಿ, ಆ ಹೆಸರು ಇನ್ನ ನನ್ನ ಬಾಯಾಗ ಬರೂದಿಲ್ಲ ಅಂತ. ಬರ್ಲೂ ಇಲ್ಲ. ಆ ಇನ್ನೊಬ್ಬಾಕಿ ತೀರ್ಕೊಂಡ ಮ್ಯಾಲ ಎರಡ ಸರ್ತಿ ಬಂದಿದ್ದ, ತಪ್ಪಾತು ಅನ್ನಾಕ. ಬಾಗಲಾ ಹಾಕಿದ್ಲು. ಈಗ ಆಕಿಗೆ ಬಾಗಲಾ ಹಾಕಾಕ ಬರೂದಿಲ್ಲಲ್ಲ."

"ಇದನ್ನ ಡಾಕ್ಟರಿಗೆ ಯಾಕ ಹೇಳಲಿಲ್ಲ ನೀವು?"

ಹುಸೇನಬಿಗೆ ಸಿಟ್ಟು ಬಂತು. ರೊಟ್ಟಿಯನ್ನು ಹೆಂಚಿಗೆ ಹಾಕಿ ಕೈ ಜಾಡಿಸಿದಳು.

"ನನ್ನ ಯಾರು ಕೇಳ್ಯಾರ್ರಿ? ಮಷೀನಿಗೆ ಆಕಿ ದನಿ ಬೇಕು ಅಂದಾಗ ನನ್ನ ಫೋನಿನ್ಯಾಗಿಂದ ತಗೊಂಡ್ರು, ಆಮ್ಯಾಲ ಹೊರಗ ಕುಂದ್ರು ಅಂದ್ರು. ನೋಡಾಕ ಹೋದ್ರ ಒಂದು ಫಾರಂ ಕೊಡ್ತಾರ. ಪೇಶೆಂಟಿಗೂ ನಿಮಗೂ ಏನ್ ಸಂಬಂಧ ಅಂತ ಬರೀಬೇಕಂತ. ಏನಂತ ಬರೀಲಿ? ರೊಟ್ಟಿ ಬಡಿಯಾಕಿ ಅಂತ ಬರೀಲೇನು? ಅಂವ ಮದವಿ ಫೋಟೋ ತೋರ್ಸಿದ, ಒಳಗ ಬಿಟ್ರು."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು.

ಗುರುವಾರ ಬೆಳಿಗ್ಗೆ ಹನ್ನೆರಡನೇ ಕೋಣೆಯ ಕಂಪ್ಯೂಟರಿಗೆ ಎರಡು ಮೆಮೊರಿ ಪಟ್ಟಿ ಹೆಚ್ಚಿಗೆ ಹಾಕಿದೆ. ಅದರಿಂದ ರೋಗ ಹೋಗುವುದಿಲ್ಲ. ಪ್ರಶ್ನೆ ಕೇಳಿದ ಮೇಲೆ ಐದಾರು ನಿಮಿಷಕ್ಕೆ ಬೀಳುವುದು ಹನ್ನೊಂದು ನಿಮಿಷಕ್ಕೆ ಬೀಳುತ್ತದೆ, ಅಷ್ಟೇ. ಪ್ರೋಗ್ರಾಮನ್ನೇ ತಿದ್ದಬೇಕಾದರೆ ಅದನ್ನು ಮಾಡಿದವರ ಒಪ್ಪಿಗೆ ಬರಲು ಮೂರು ತಿಂಗಳು. ದಿನಾ ಹತ್ತೂ ನಲವತ್ತಕ್ಕೆ ಸೆಷನ್ ಸರಿಯಾಗಿ ಮುಗಿಸಿ, ಕಲಿತದ್ದನ್ನು ಉಳಿಸಿ, ಮತ್ತೆ ಶುರು ಮಾಡು ಅಂತ ರೂತಮ್ಮನಿಗೆ ಹೇಳಿಕೊಟ್ಟೆ.

ಆಮೇಲೆ ಈರಸಂಗಪ್ಪನವರಿಗೆ ಒಂದು ಸುಳ್ಳು ಹೇಳಿದೆ. ನಿಮ್ಮ ಕಿವಿಯ ಯಂತ್ರದಿಂದ ಸಿಗ್ನಲ್ಲಿಗೆ ತೊಂದರೆ ಆಗುತ್ತಿದೆ, ಸ್ವಲ್ಪ ಹೊತ್ತು ಕೆಳಗೆ ಕೂಡ್ರಿ ಅಂದೆ.

"ಆಕಿಗೆ ಛಲೋ ಆಗ್ತದಂದ್ರ ಗೇಟಿನ ತನಕಾನೂ ಹೋಗ್ತೀನಿ ತಂಗಿ," ಅಂದು ಹೋದರು. ಕೆಟ್ಟ ಮನುಷ್ಯನಾಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಬಾಗಿಲು ಹಾಕಿದೆ. ಮೆಮೊರಿಯ ಗೆರೆ ಏರುತ್ತಿದ್ದದ್ದು ನಿಂತಿತು. ಕಾಶವ್ವನ ಕಣ್ಣು ಬಾಗಿಲಿನ ಮೇಲಿತ್ತು.

"ಕಾಶವ್ವಾ, ಮಂಗಳವಾರ ನಿಮ್ಮ ಕಡೆ ಒಡಪು ಹಾಕಿಸಿದಾಕಿ ನಾನು. ತಪ್ಪು ಮಾಡ್ದೆ, ಹೊಟ್ಟಿಗೆ ಹಾಕ್ಕೊಳ್ರಿ. ನೀವು ತಡದ ಮಾತು ನಾ ತೆರೆದು ಓದಿಲ್ಲ. ಈಗ ಅವರು ಇಲ್ಲ. ಹೇಳೂದಿದ್ರ ಹೇಳ್ರಿ."

ಆಮೇಲೆ ಸ್ಪೀಕರಿನಲ್ಲಿ ಒಂದೊಂದೇ ಪದ ಬಿತ್ತು.

"ಕೈ. ಅವನ ಕೈ. ಬ್ಯಾಡ."

ದಿನಾ ತಲೆ ಬಾಚುವ ಕೈ, ಮುಖ ಒರೆಸುವ ಕೈ, ಮಗ್ಗುಲು ಬದಲಿಸುವ ಕೈ. ಎಂಟು ತಾಸು ಆ ಕೈ ಮೈಮೇಲೆ ಇರುತ್ತಿತ್ತು. ಸರಿಸಲು ಆಕೆಗೆ ಒಂದು ಬೆರಳೂ ಆಡುತ್ತಿರಲಿಲ್ಲ.

"ಇಷ್ಟು ದಿನಾ ಯಾಕ ಹೇಳ್ಲಿಲ್ಲರಿ?"

"ಪೈಪು. ಅವನ. ಕೈಯಾಗ."

ಗಂಟಲ ಪೈಪು. ಆಕೆಯ ಉಸಿರು. ಸಿಟ್ಟು ಬಂದರೆ ಅವರು ಏನಾದರೂ ಮಾಡುತ್ತಿದ್ದರು ಅಂತ ನಾನು ಹೇಳಲಾರೆ. ಮಾಡುತ್ತಿರಲಿಲ್ಲ ಅಂತ ಆಕೆಯಾದರೂ ಹೇಗೆ ನಂಬಿಯಾಳು?

"ಇನ್ನ ಪೈಪು ರೂತಮ್ಮನ ಮುಟ್ಟತಾಳ, ಬ್ಯಾರೆ ಯಾರೂ ಅಲ್ಲ. ಶನಿವಾರ ಕಮಿಟಿ ಮುಂದ ಈ ಮಾತು ನಾ ಹೇಳ್ಲೇನು?"

"ಬ್ಯಾಡ."

"ಮತ್ತ ಯಾರು ಹೇಳೋರು?"

"ನಾ."

ಮಾತು ಕೊಟ್ಟೆ. ಪೈಪಿನ ಕೆಲಸ ಅವತ್ತಿನಿಂದಲೇ ರೂತಮ್ಮ ವಹಿಸಿಕೊಂಡಳು, ಯಾಕೆ ಅಂತ ಕೇಳಲಿಲ್ಲ.

ಶನಿವಾರ ಕಮಿಟಿ ಹನ್ನೆರಡನೇ ಕೋಣೆಯಲ್ಲೇ ಕೂತಿತು. ನಾಡಿಗೇರರು, ಹೊರಗಿನಿಂದ ಬಂದ ಇಬ್ಬರು ಡಾಕ್ಟರರು, ಪ್ರಶ್ನೆಯ ಹಾಳೆ ಹಿಡಿದ ರೂತಮ್ಮ, ಹಾಸಿಗೆಯ ಪಕ್ಕ ಈರಸಂಗಪ್ಪ, ಪರದೆಯ ಮುಂದೆ ನಾನು. ನನ್ನ ವರದಿ ಕೊಟ್ಟೆ. ಯಂತ್ರ ಸರಿಯಿದೆ, ಮೆದುಳೂ ಸರಿಯಿದೆ, ಸೆಷನ್ ಬೀಳುವುದು ತಡೆದ ಮಾತಿನಿಂದ ಅಂತ ಅದರಲ್ಲಿತ್ತು.

"ಹಂಗಂದ್ರ ತಡೀಲಿಕ್ಕೆ ಕಾರಣ?" ಅಂದರು ನಾಡಿಗೇರ.

"ಅದನ್ನ ಆಕಿ ಹೇಳ್ತಾಳ. ಪ್ರಶ್ನೆ ಕೇಳೂ ಮುಂದ ಈರಸಂಗಪ್ಪನವರು ಹೊರಗ ಇರಲಿ."

"ಅದು ಆಗೂದಿಲ್ಲ. ಹತ್ತಿರದ ಸಂಬಂಧಿ ಹಾಜರಿರಬೇಕು ಅಂತ ನಿಯಮ ಅದ."

"ನಿಯಮಕ್ಕ ಬೆಂಕಿ ಹಚ್ಚರಿ!" ಅಂದುಬಿಟ್ಟೆ. "ಹತ್ತಿರದವರು ಯಾರು ಅಂತ ಆಕೀನ ಕೇಳೀರೇನು?"

"ಇಂದುಮತಿಯವರ, ನಿಮ್ಮ ಕೆಲಸ ಮಷೀನಿಂದು."

ಬಾಯಿಗೆ ಬಂದದ್ದನ್ನು ನುಂಗಿದೆ. ಮಾತು ಕೊಟ್ಟಿದ್ದೆನಲ್ಲ.

ಹೆಸರು. "ಕಾಶವ್ವ." ಊರು. "ಬೆಟಗೇರಿ." ವಾರ. "ಶನಿವಾರ." ನಾನ್ಯಾರು. "ರೂತಮ್ಮ." ಐದನೆಯದನ್ನು ರೂತಮ್ಮ ಬಹಳ ಸಣ್ಣ ದನಿಯಲ್ಲಿ ಕೇಳಿದಳು.

ಗೆರೆ ಏರತೊಡಗಿತು. ಎರಡು ನಿಮಿಷಕ್ಕೆ ನೂರಕ್ಕೆ ಮೂವತ್ತು. ಐದು ನಿಮಿಷಕ್ಕೆ ಐವತ್ತೈದು. ಹೊರಗಿನ ಡಾಕ್ಟರೊಬ್ಬರು ಗಡಿಯಾರ ನೋಡಿಕೊಂಡರು. ಎಂಟಕ್ಕೆ ಎಂಬತ್ತು. ನನ್ನ ಬೆರಳು ಕೀಲಿಮಣೆಯ ಮೇಲಿತ್ತು. ಒಂದು ಗುಂಡಿ ಒತ್ತಿದ್ದರೆ ಸೆಷನ್ ನೆಟ್ಟಗೆ ಮುಗಿದು, ಅವತ್ತು ಕಲಿತದ್ದಷ್ಟೂ ಉಳಿಯುತ್ತಿತ್ತು. ಹೊಸ್ತಿಲಿನ ಮಾತು ಮಾತ್ರ ಅಳಿಸಿಹೋಗುತ್ತಿತ್ತು. ಒತ್ತಲಿಲ್ಲ. ಹೇಳು ತಾಯಿ, ಹೇಳಿಬಿಡು ಅಂತ ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ತೊಂಬತ್ತು.

ಕಾಶವ್ವನ ಕಣ್ಣಲ್ಲಿ ನೀರು ತುಂಬಿತು. ಈರಸಂಗಪ್ಪ ಎದ್ದು, ಟವೆಲು ತೆಗೆದುಕೊಂಡು, ಆಕೆಯ ಕೆನ್ನೆಯ ಮೇಲೆ ಕೈಯಿಟ್ಟರು.

"ಸಾಕು ಬಿಡ್ರಿ ಸಾಹೇಬ್ರ. ಆಕಿಗೆ ತ್ರಾಸ ಕೊಡಬ್ಯಾಡ್ರಿ. ಕಾಗದಾ ಕೊಡ್ರಿ, ನಾ ಸಹಿ ಹಾಕ್ತೀನಿ. ಆಕಿನ್ನ ನಾ ನೋಡ್ಕೋತೀನಿ."

ನಾಡಿಗೇರರು ಪೆನ್ನು ತೆಗೆದರು.

"ಈರಸಂಗಪ್ಪ."

ಯಾರು ಮಾತಾಡಿದ್ದು ಅಂತ ಮೊದಲು ಯಾರಿಗೂ ತಿಳಿಯಲಿಲ್ಲ. ಹುಸೇನಬಿಯ ಫೋನಿನಿಂದ ಎತ್ತಿಕೊಂಡ ದನಿ ಅದು. ನಲವತ್ತು ಜನ ಊಟಕ್ಕೆ ಕೂತ ಖಾನಾವಳಿಯಲ್ಲಿ ಈ ತುದಿಯಿಂದ ಆ ತುದಿಗೆ ಕೇಳುವಂತೆ ಕೂಗುತ್ತಿದ್ದ ದನಿ.

"ಈರಸಂಗಪ್ಪ, ಕೈ ತಗಿ."

ಅವರು ಕೈ ತೆಗೆದರು. ತೆಗೆದ ಕೈಯನ್ನು ಎಲ್ಲಿಡಬೇಕು ಅಂತ ತಿಳಿಯದೆ ಟವೆಲಿನೊಳಗೆ ಸುತ್ತಿಕೊಂಡರು. ಪರದೆಯ ಮೇಲೆ ಗೆರೆ ತೊಂಬತ್ನಾಲ್ಕರಿಂದ ಜಾರಿ ಹನ್ನೆರಡಕ್ಕೆ ಬಂದು ನಿಂತಿತು. ಸೆಷನ್ ಬೀಳಲಿಲ್ಲ. ರೂತಮ್ಮ ಅಳುತ್ತಾ ಐದನೇ ಪ್ರಶ್ನೆಯ ಮುಂದೆ ಸರಿ ಗುರುತು ಹಾಕಿದಳು.

"ನಾ ಹೋಗಲೇನು?" ಅಂದರು ಈರಸಂಗಪ್ಪ, ಯಾರ ಮುಖವನ್ನೂ ನೋಡದೆ.

"ಹೋಗು."

ಅವರು ಹೋದರು. ನಿಧಾನವಾಗಿ, ಗೋಡೆ ಹಿಡಿದುಕೊಂಡು. ಆ ಮನುಷ್ಯನ ಬೆನ್ನು ನೋಡಿ ನನಗೆ ಕನಿಕರ ಆಯಿತು, ಆಗಲಿಲ್ಲ ಅಂದರೆ ಸುಳ್ಳು. ಆದರೆ ಯಾರೂ ಅವರನ್ನು ವಾಪಸು ಕರೆಯಲಿಲ್ಲ.

ನಾಡಿಗೇರರು ರೂತಮ್ಮನ ಕೈಯಿಂದ ಹಾಳೆ ಇಸಿದುಕೊಂಡರು. ಆಮೇಲೆ ಕುರ್ಚಿಯನ್ನು ಹಾಸಿಗೆಯ ಹತ್ತಿರ ಎಳೆದುಕೊಂಡು, ಮೊದಲ ಸಲ, ನೇರವಾಗಿ ಆಕೆಯ ಕಣ್ಣು ನೋಡಿ ಮಾತಾಡಿದರು.

"ಕಾಶವ್ವನವರ, ಇಲ್ಲಿ ಕೆಳಗ ಒಂದು ಸಹಿ ಬೇಕು. ನಿಮ್ಮ ಪರವಾಗಿ ಯಾರದರ ಹೆಸರು ಬರೀಲೇನು?"

"ಬ್ಯಾಡ," ಅಂದಳು ಕಾಶವ್ವ. "ನಾ ಅದೀನಿ."